ಓದಿನ ಋಣ

ಕಳೆದ ಶ್ರಾವಣದಲ್ಲಿ ಶ್ರೀಮಠಕ್ಕೆ ದರ್ಶನಕ್ಕೆಂದು ಬಂದಿದ್ದ ಹಿರಿಯ ಭಕ್ತರೊಬ್ಬರು, ನಮ್ಮ ಮೇಜಿನ ಮೇಲೆ ‘ಸಿದ್ಧಾಂತ ಶಿಖಾಮಣಿ’ಯ ಮಗ್ಗುಲಲ್ಲಿದ್ದ ದಪ್ಪನೆಯ ಪುಸ್ತಕವೊಂದನ್ನು ಕಂಡು, ಅದರ ಹೆಸರನ್ನು ಮೆಲ್ಲನೆ ಓದಿಕೊಂಡು, ಕೆಲಹೊತ್ತು ಸುಮ್ಮನಿದ್ದು, ಕಡೆಗೆ ತಡೆಯಲಾರದೆ ಕೇಳಿದರು: “ಅಪ್ಪಾರ, ತಪ್ಪ ತಿಳ್ಕೋಬ್ಯಾಡ್ರಿ. ತಾವೂ ಕಾದಂಬರಿ ಓದ್ತೀರೇನ್ರಿ?”

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಆತಂಕವಿತ್ತು. ಕಾವಿ ತೊಟ್ಟವರ ಕೈಯಲ್ಲಿ ಧರ್ಮಗ್ರಂಥವಲ್ಲದ ಮತ್ತೇನನ್ನು ಕಂಡರೂ ನಮ್ಮ ಜನಕ್ಕೆ ಉಂಟಾಗುವ ಸಹಜವಾದ ಆತಂಕವದು. “ಓದುತ್ತೇವೆ” ಎಂದಷ್ಟೇ ಹೇಳಿ ಅವರನ್ನು ಪ್ರಸಾದಕ್ಕೆ ಕಳುಹಿಸಿದೆವು. ಅಷ್ಟು ಚಿಕ್ಕ ಉತ್ತರ ಆ ಪ್ರಶ್ನೆಗೆ ಸಾಲದೆಂಬುದು ರಾತ್ರಿ ದೀಪವಾರಿಸಿದ ಮೇಲೆ ಹೊಳೆಯಿತು. ಈ ಬರಹ ಆ ಉತ್ತರದ ಉಳಿದ ಭಾಗವೆಂದು ಭಾವಿಸಬೇಕು. ಇದರೊಳಗೆ ನಮ್ಮದೊಂದು ತಪ್ಪಿನ ನಿವೇದನೆಯೂ ಸೇರಿಕೊಂಡಿದೆ. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿಹೋದ ಹಳೆಯ ವಿದ್ಯಾರ್ಥಿಗಳು ಇದನ್ನು ತಪ್ಪದೆ ಓದಬೇಕೆಂಬುದು ನಮ್ಮ ವಿಶೇಷವಾದ ಅಪೇಕ್ಷೆ.

ಹತ್ತು ವರ್ಷದ ಮರಿಯಾಗಿ ನಾವು ಮಠಕ್ಕೆ ಬಂದಾಗ ಓದು ಎಂಬುದು ಕಣ್ಣಿನ ಕೆಲಸವಾಗಿರಲಿಲ್ಲ, ಕಿವಿಯ ಕೆಲಸವಾಗಿತ್ತು. ಶ್ರಾವಣ ಬಂದಿತೆಂದರೆ ಮಠದ ಪಡಸಾಲೆಯಲ್ಲಿ ಪುರಾಣ ಹಚ್ಚುತ್ತಿದ್ದರು. ಒಂದು ವರ್ಷ ‘ಪ್ರಭುಲಿಂಗಲೀಲೆ’, ಇನ್ನೊಂದು ವರ್ಷ ‘ಚೆನ್ನಬಸವ ಪುರಾಣ’. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಹೊಲದಿಂದ ಬಂದವರು ಕೈಕಾಲು ತೊಳೆದು ಗೋಣಿತಟ್ಟಿನ ಮೇಲೆ ಕುಳಿತು ಕೇಳುವರು. ಅಕ್ಷರದ ಗಂಧವಿಲ್ಲದ ಅಜ್ಜಿಯೊಬ್ಬಳು ಕಂಬಕ್ಕೆ ಒರಗಿ ಕುಳಿತಿರುತ್ತಿದ್ದಳು. ಓದುವವರು ದಣಿದು ಒಂದು ಪದ್ಯವನ್ನು ದಾಟಿಸಿದರೆ, “ಒಂದ್ ಬಿಟ್ರಲ್ರೀ” ಎಂದು ಅಲ್ಲಿಂದಲೇ ಎಚ್ಚರಿಸುವಳು. ನಮ್ಮ ಮೊದಲ ಓದಿನ ಗುರು ಆಕೆಯೇ ಎಂದರೆ ಸಲ್ಲುತ್ತದೆ. ಪುಸ್ತಕವನ್ನು ಬಿಟ್ಟು ಬಿಟ್ಟು ಓದಬಾರದೆಂಬುದನ್ನು ಕಲಿಸಿದವಳು ಓದಲು ಬಾರದವಳು.

ಮುಂದೆ ಕಾಶಿಯ ಜಂಗಮವಾಡಿ ಮಠದಲ್ಲಿದ್ದು ಸಂಸ್ಕೃತಾಭ್ಯಾಸ ಮಾಡಿದೆವು. ‘ಅಮರಕೋಶ’ ಬಾಯಿಗೆ ಬರುವವರೆಗೆ ಬೆಳಗಿನ ಉಪಾಹಾರವಿಲ್ಲ. ‘ಲಘು ಸಿದ್ಧಾಂತ ಕೌಮುದಿ’ಯ ಒಂದೇ ಪ್ರತಿಯ ಸುತ್ತ ಆರು ಜನ ಕುಳಿತು ಪಾಠ ಹೇಳಿಸಿಕೊಳ್ಳಬೇಕಾಗಿತ್ತು. ಎದುರಿಗೆ ಕುಳಿತವರಿಗೆ ಅಕ್ಷರಗಳೆಲ್ಲ ತಲೆಕೆಳಗು. ಹಾಗಾಗಿ ದೇವನಾಗರಿಯನ್ನು ತಲೆಕೆಳಗಾಗಿ ಓದುವ ವಿದ್ಯೆಯೊಂದು ನಮಗೆ ಅಯಾಚಿತವಾಗಿ ಸಿದ್ಧಿಸಿತು! ಇಂದಿಗೂ ಎದುರಿಗೆ ಕುಳಿತವರ ಕೈಯಲ್ಲಿರುವ ಕಾಗದವನ್ನು ಓದುವ ಚಪಲವನ್ನು ಹತ್ತಿಕ್ಕುವುದು ನಮಗೆ ಕಷ್ಟವಾಗುತ್ತದೆ.

ಕಾಶಿಯಿಂದ ಧಾರವಾಡಕ್ಕೆ ಬಂದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿಗೆ ಸೇರಿದೆವು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಜಿ.ಬಿ. ಜೋಶಿಯವರು ೧೯೩೩ರಲ್ಲಿ ಆರಂಭಿಸಿದ ಆ ಗ್ರಂಥಮಾಲೆಯಿಂದಲೇ ಗಿರೀಶ ಕಾರ್ನಾಡರ ‘ಯಯಾತಿ’, ‘ತುಘಲಕ್’ ನಾಟಕಗಳು ಹೊರಬಂದವು. ಕನ್ನಡದ ಎಂತೆಂಥ ಹಿರಿಯರೋ ಹತ್ತಿ ಇಳಿದ ಆ ಅಟ್ಟದ ಮೆಟ್ಟಿಲುಗಳನ್ನು ಕಾವಿಯ ಸೆರಗನ್ನು ಎತ್ತಿ ಹಿಡಿದು ಅಂಜುತ್ತ ಅಂಜುತ್ತ ಹತ್ತಿದ್ದು ಈಗಲೂ ನೆನಪಿದೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಾವು ಓದಿದ ಕಥೆ ಕಾದಂಬರಿಗಳನ್ನೆಲ್ಲ ಪರೀಕ್ಷೆಗಾಗಿ ಓದಿದೆವು. ವಸ್ತು, ಪಾತ್ರ, ತಂತ್ರ, ಭಾಷೆ ಎಂದು ಕೃತಿಯನ್ನು ನಾಲ್ಕು ಹೋಳು ಮಾಡಿ ಟಿಪ್ಪಣಿ ಬರೆದುಕೊಂಡು ಅಂಕ ಗಳಿಸಿದೆವು. ಶಾಸ್ತ್ರವೇ ನಿಜವಾದ ಓದು, ಉಳಿದುದು ಕಾಲಕ್ಷೇಪ ಎಂಬ ಕಾಶಿಯ ಗರ್ವ ಎದೆಯ ಮೂಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಆ ಗರ್ವವನ್ನು ಹೊತ್ತುಕೊಂಡೇ ಮಠಕ್ಕೆ ಮರಳಿ ಪ್ರಸಾದ ನಿಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡೆವು.

೧೯೯೭ರ ಮಳೆಗಾಲದ ಒಂದು ಸಂಜೆ. ಸಾಮೂಹಿಕ ಪ್ರಾರ್ಥನೆ ನಡೆದಿತ್ತು. ಮಕ್ಕಳೆಲ್ಲ ವಚನದ ಪುಸ್ತಕ ತೆರೆದು ಹಾಡುತ್ತಿದ್ದರು. ಕಡೆಯ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪುಸ್ತಕ ನೋಡಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಶರಣರ ವಚನಗಳಲ್ಲಿ ನಗೆಯುಕ್ಕಿಸುವ ಮಾತುಗಳಿಲ್ಲವೆಂದಲ್ಲ. ಆ ಸಂಜೆ ಹಾಡುತ್ತಿದ್ದ ವಚನವಂತೂ ಅಂಥದಾಗಿರಲಿಲ್ಲ. ಹಿಂದಿನಿಂದ ಹೋಗಿ ನೋಡಿದರೆ, ವಚನದ ಪುಸ್ತಕದ ಮಡಿಲಲ್ಲಿ ಇನ್ನೊಂದು ಪುಸ್ತಕ! ಕಿತ್ತುಕೊಂಡೆವು. ಎಲ್ಲರೆದುರು ನಿಲ್ಲಿಸಿ ನಾಲ್ಕು ಮಾತು ಬೈದೆವು. ಹುಡುಗ ತಲೆಯೆತ್ತಲಿಲ್ಲ. “ಅಪ್ಪಾರ, ಅದು ನಂದಲ್ರಿ” ಎಂದೇನೋ ಗೊಣಗಿದ. ಅದನ್ನು ಕೇಳುವ ವ್ಯವಧಾನ ನಮಗಿರಲಿಲ್ಲ.

ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ೧೯೮೦ರಲ್ಲಿ ಪ್ರಕಟವಾದ ಕಾದಂಬರಿ. ಹೆಸರು ಕೇಳಿದ್ದೆವು, ಓದಿರಲಿಲ್ಲ. ಮಕ್ಕಳು ಎಂಥದನ್ನು ಓದಿ ಕೆಡುತ್ತಿದ್ದಾರೆಂದು ತಿಳಿಯಬೇಕಲ್ಲ ಎಂಬ ನೆಪದಿಂದ ಆ ರಾತ್ರಿ ಮೊದಲ ಪುಟ ತೆರೆದೆವು. ಕರೆಂಟು ಹೋಯಿತು. ಕಂದೀಲು ತರಿಸಿಕೊಂಡೆವು. ಕಂದೀಲಿನ ಎಣ್ಣೆ ತೀರುವ ಹೊತ್ತಿಗೆ ಪುಸ್ತಕ ತೀರಿತು. ಹೊರಗೆ ಬೆಳಗಿನ ಗಂಟೆಯ ಸದ್ದು. ಪೂಜೆಗೆ ತಡವಾಗಿ ಹೋದದ್ದು ಅದೇ ಮೊದಲು.

ಓದಿದವರಿಗೆ ಕಥೆಯನ್ನು ಹೇಳಬೇಕಾಗಿಲ್ಲ. ಓದದವರಿಗೆ ಇಷ್ಟು ಸಾಕು. ಮೂಡಿಗೆರೆಯ ಕಡೆಯ ಕಾಡಿನಲ್ಲಿ ಹಾರುವ ಓತಿಯೊಂದಿದೆ ಎಂಬ ಸುಳಿವು ಹಿಡಿದು ಕರ್ವಾಲೊ ಎಂಬ ವಿಜ್ಞಾನಿ ಹೊರಡುತ್ತಾನೆ. ಅವನಿಗೆ ದಾರಿ ತೋರಬೇಕಾದವನು ಮಂದಣ್ಣನೆಂಬ ಹಳ್ಳಿಗ. ಊರವರ ಕಣ್ಣಿನಲ್ಲಿ ಅವನು ಕೆಲಸಕ್ಕೆ ಬಾರದ ಪೆದ್ದ; ವಿಜ್ಞಾನಿಯ ಕಣ್ಣಿನಲ್ಲಿ ಹುಟ್ಟಾ ಪ್ರಕೃತಿತಜ್ಞ. ಆ ಓತಿಯನ್ನು ಕಣ್ಣಾರೆ ಕಂಡವನೂ ಅವನೇ. ಲೋಕವನ್ನೇ ಓದಿಕೊಂಡ ಪಂಡಿತನೊಬ್ಬ ಇಂಥವನ ಹಿಂದೆ ಶಿಷ್ಯನಂತೆ ಕಾಡಿಗೆ ನಡೆಯುವುದನ್ನು ಕಂಡು ನಮಗೆ ಕಂಬಕ್ಕೆ ಒರಗಿ ಕುಳಿತ ಅಜ್ಜಿಯ ನೆನಪಾಯಿತು. ಜ್ಞಾನವು ಜಾತಿ ವಿದ್ಯೆಗಳನ್ನು ನೋಡಿ ಬರುವುದಿಲ್ಲವೆಂದು ಎಷ್ಟು ಪ್ರವಚನಗಳಲ್ಲಿ ಹೇಳಿದ್ದೆವೋ! ಆ ಮಾತು ನಮಗೇ ತಾಗಿದ್ದು ಮಾತ್ರ ಆ ರಾತ್ರಿ, ಒಬ್ಬ ಹುಡುಗನಿಂದ ಕಿತ್ತುಕೊಂಡ ಪುಸ್ತಕದಿಂದ.

ಮರುದಿನ ಹಿರಿಯ ಗುರುಗಳ ಸನ್ನಿಧಿಗೆ ಸುದ್ದಿ ಮುಟ್ಟಿತ್ತು. ಅವರು ನಮ್ಮನ್ನು ಕರೆಸಿ ಕೇಳಿದ್ದು ಒಂದೇ ಮಾತು.

“ಹುಡುಗನ ಪುಸ್ತಕ ಕಸ್ಕೊಂಡಿಯಂತ. ಓದಿದ್ಯೇನು?”

“ಓದಿದೆ, ಅಜ್ಜಾರ.”

“ಹೆಂಗೈತಿ?”

“ಛಲೋ ಐತ್ರಿ.”

“ಹಂಗಾರ ಅವಂದು ಅವಗ ಕೊಡು.”

ಕೊಡಲಿಲ್ಲ. ಓದುಗರು ಇದನ್ನು ಗಮನಿಸಬೇಕು. ಗುರುವಾಜ್ಞೆಯನ್ನು ಮೀರಿದೆವೆಂದು ಆಗ ಅನಿಸಲೇ ಇಲ್ಲ. ನಾಳೆ ಕೊಟ್ಟರಾಯಿತು ಎಂದುಕೊಂಡೆವು. ಎಲ್ಲರೆದುರು ಬೈದು ಕಿತ್ತುಕೊಂಡುದನ್ನು ಮರಳಿ ಕೊಡುವುದೆಂದರೆ ಸೋತಂತೆ ಅಲ್ಲವೇ? ಮೇಲಾಗಿ ಕೊಡುವಾಗ ಏನು ಹೇಳುವುದು? ‘ನಾವೂ ಓದಿದೆವು, ಬಹಳ ಚೆನ್ನಾಗಿದೆ’ ಎನ್ನುವುದೇ? ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದೂಡುತ್ತ ಹೋದೆವು. ಪುಸ್ತಕ ನಮ್ಮ ಕಪಾಟಿನಲ್ಲಿ ಶಾಸ್ತ್ರಗ್ರಂಥಗಳ ಹಿಂದೆ ಸೇರಿಕೊಂಡಿತು. ಹುಡುಗ ೧೯೯೯ರಲ್ಲಿ ಹತ್ತನೆಯ ತರಗತಿ ಮುಗಿಸಿ, ಕಾಲಿಗೆರಗಿ, ಟ್ರಂಕು ಹೊತ್ತು ಹೊರಟುಹೋದ. ಆಗಲೂ ನೆನಪಾಗಲಿಲ್ಲ.

೨೦೦೬ರಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶ ನಡೆಯಿತು. ಊಟದ ಪಂಕ್ತಿಯಲ್ಲಿ ಅದೇ ತರಗತಿಯವನೊಬ್ಬ ಹಳೆಯ ದಿನಗಳನ್ನು ನೆನೆಯುತ್ತ, ನಗುನಗುತ್ತ, ಈ ಪ್ರಸಂಗವನ್ನೂ ಎತ್ತಿದ. ಆ ಪುಸ್ತಕ ಪೇಟೆಯ ಗ್ರಂಥಾಲಯದ್ದಂತೆ. ಅವಧಿ ಮೀರಿ, ಪುಸ್ತಕ ಕಳೆದಿದೆಯೆಂದು ಬರೆಸಿ, ಬೆಲೆಯ ಎರಡು ಪಟ್ಟು ಹಣವನ್ನು ಹುಡುಗ ಕಟ್ಟಬೇಕಾಯಿತಂತೆ. ತಂದೆಯಿಲ್ಲದ ಮನೆ. ಬೇಸಿಗೆ ರಜೆಯಲ್ಲಿ ತಾಯಿಯ ಜೊತೆ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿ ಆ ಹಣ ಕೂಡಿಸಿದನಂತೆ. ತೊಟ್ಟು ಬಿಡಿಸಿದ ಕೈ ರಾತ್ರಿಯಿಡೀ ಹೇಗೆ ಉರಿಯುತ್ತದೆಂಬುದು ನಮ್ಮ ಭಾಗದವರಿಗೆ ಗೊತ್ತು.

“ನಮ್ಮನ್ನು ಕೇಳಬಾರದಿತ್ತೇನಪ್ಪಾ?” ಎಂದೆವು.

“ಅಪ್ಪಾರ ಮುಂದ ನಿಂತು ಯಾರ್ ಕೇಳಬೇಕ್ರಿ?” ಎಂದು ಅವನು ಮತ್ತೆ ನಕ್ಕ.

ಆ ರಾತ್ರಿ ಕಪಾಟನ್ನು ತೆಗೆದು ಪುಸ್ತಕವನ್ನು ಹೊರತೆಗೆದೆವು. ಮುದ್ರೆ ಇತ್ತು, ದಿನಾಂಕದ ಚೀಟಿ ಇತ್ತು. ಮೊದಲೇ ಎರಡನ್ನೂ ನೋಡಬಹುದಾಗಿತ್ತು. ನಡುವೆ ಒಂದು ಪುಟದ ತುದಿ ಮಡಿಸಿತ್ತು. ಮರುದಿನ ಗ್ರಂಥಾಲಯಕ್ಕೆ ಹೋಗಿ ವಿಷಯ ತಿಳಿಸಿದಾಗ ಅಲ್ಲಿಯವರು ಹಳೆಯ ರಿಜಿಸ್ಟರನ್ನು ತಿರುವಿ ನೋಡಿ, “ಹಣ ತುಂಬ್ಯಾರ್ರಿ, ಪುಸ್ತಕ ನಮ್ಮ ಲೆಕ್ಕದಾಗಿಲ್ಲ. ಅದು ಈಗ ಅವರದ ಆತು” ಎಂದರು. ಹೀಗೆ, ಬೇರೊಬ್ಬನ ದುಡಿಮೆಯ ಪುಸ್ತಕವನ್ನು ಒಂಬತ್ತು ವರ್ಷ ಬೀಗದಲ್ಲಿಟ್ಟುಕೊಂಡಿದ್ದೆವೆಂಬುದು ಖಚಿತವಾಯಿತು.

ಈ ನಾಡಿನಲ್ಲಿ ಪುಸ್ತಕವನ್ನು ಬೀಗದಲ್ಲಿಡುವ ರೂಢಿ ನಮ್ಮಿಂದ ಮೊದಲಾದುದಲ್ಲ. ವಚನಗಳ ತಾಡವೋಲೆಯ ಕಟ್ಟುಗಳು ನೂರು ವರ್ಷಗಳ ಹಿಂದೆ ಎಲ್ಲಿದ್ದವು? ಮಠಗಳಲ್ಲಿ, ಭಕ್ತರ ದೇವರ ಮನೆಗಳಲ್ಲಿ, ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿದ್ದವು. ವಿಭೂತಿ ಹಚ್ಚಿ ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಿಸಿದರು, ಪ್ರತಿ ಮಾಡಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದಿತು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿ ಬಾಡಿಗೆಯ ಮನೆಯಲ್ಲಿ ಬಾಳಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ೨೦,೦೦೦ಕ್ಕೂ ಮಿಕ್ಕ ವಚನಗಳನ್ನು ಹೊರತಂದಿತು. ಅದರ ಬೇರು ವಕೀಲರೊಬ್ಬರ ಆ ಅಲೆದಾಟದಲ್ಲಿದೆ. ಹಳಕಟ್ಟಿಯವರು ಮಾಡಿದ್ದು ಪೂಜೆಯಲ್ಲಿದ್ದುದನ್ನು ಓದಿಗೆ ತಂದ ಕೆಲಸ. ಅವರ ಜಯಂತಿಯಂದು ಪ್ರತಿ ವರ್ಷ ಭಾಷಣ ಮಾಡುವ ನಾವು ಮಾಡಿದ್ದು, ಓದಿನಲ್ಲಿದ್ದುದನ್ನು ಕಿತ್ತು ಕಪಾಟಿಗೆ ಸೇರಿಸಿದ ಕೆಲಸ. ಪೂಜೆಯನ್ನಾದರೂ ಮಾಡಿದೆವೇ? ಅದೂ ಇಲ್ಲ.

ಅಂದಿನಿಂದ ಕಥೆ ಕಾದಂಬರಿಗಳನ್ನು ಟಿಪ್ಪಣಿಯ ಹಂಗಿಲ್ಲದೆ ಓದುತ್ತ ಬಂದಿದ್ದೇವೆ. ಹಿರಿಯ ಭಕ್ತರ ಕಣ್ಣಿಗೆ ಬಿದ್ದ ದಪ್ಪ ಪುಸ್ತಕ ವಸುಧೇಂದ್ರರ ‘ತೇಜೋ ತುಂಗಭದ್ರಾ’, ೨೦೧೯ರಲ್ಲಿ ಬಂದುದು. ತೇಜೋ ಎಂಬುದು ಪೋರ್ಚುಗಲ್ಲಿನ ಲಿಸ್ಬನ್ ನಗರದ ಬದಿಗೆ ಹರಿದು ಕಡಲು ಸೇರುವ ನದಿ, ತುಂಗಭದ್ರೆ ನಮ್ಮದೇ. ಒಂದು ದಡದಲ್ಲಿ ಯೆಹೂದ್ಯರ ಸಂಕಟ, ಇನ್ನೊಂದು ದಡದಲ್ಲಿ ವಿಜಯನಗರದ ವೈಭವದಡಿ ಬದುಕಿದ ಸಾಮಾನ್ಯರ ಪಾಡು. ನಡುವೆ ಹಡಗುಗಳ ಘೋರಯಾನ, ೧೫೧೦ರಲ್ಲಿ ಪೋರ್ಚುಗೀಸರ ವಶವಾದ ಗೋವೆ. ಮುತ್ತು ರತ್ನಗಳನ್ನು ಬೀದಿಯಲ್ಲಿ ಅಳೆದ ಕಾಲವೆಂದು ನಾವು ವೇದಿಕೆಗಳ ಮೇಲೆ ಹೊಗಳುವುದುಂಟು. ಆ ಬೀದಿಯಲ್ಲಿ ಅಳೆಸಿಕೊಳ್ಳಲು ಏನೂ ಇಲ್ಲದವರ ಕಥೆಯಿದು. ಧರ್ಮದ ಹೆಸರಿನಲ್ಲಿ ಮನುಷ್ಯನನ್ನು ನೋಯಿಸುವ ವಿದ್ಯೆಯನ್ನು ಯಾವ ದಡವೂ ಇನ್ನೊಂದು ದಡದಿಂದ ಕಲಿಯಬೇಕಾಗಿರಲಿಲ್ಲ ಎಂಬುದನ್ನು ಪೀಠದ ಮೇಲೆ ಕುಳಿತವನು ಓದುವಾಗ ಪೀಠ ತುಸು ಚುಚ್ಚುತ್ತದೆ. ಕೆಲವೆಡೆ ಕಾದಂಬರಿಕಾರರು ಕಂಡುಹಿಡಿದ ಮಾಹಿತಿಯ ಭಾರ ಕಥೆಗೆ ಹೆಚ್ಚಾಯಿತೇನೋ ಎಂದು ನಮಗೆ ತೋರಿತು. ಆದರೂ ನಡುವೆ ಕೆಳಗಿಡಲಾಗಲಿಲ್ಲ.

ಇದಕ್ಕಿಂತ ಹೆಚ್ಚು ಕಲಕಿದುದು ಬಾನು ಮುಷ್ತಾಕರ ಕಥೆಗಳು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ೧೨ ಕಥೆಗಳ ಸಂಕಲನಕ್ಕೆ ೨೦೨೫ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದರು, ನಾವೂ ಹಿಗ್ಗಿದೆವು. ಆದರೆ ಹಾಸನದಲ್ಲಿದ್ದುಕೊಂಡು ದಶಕಗಳಿಂದ ಬರೆಯುತ್ತ ಬಂದ ಆ ತಾಯಿಯನ್ನು ಅದಕ್ಕೆ ಮೊದಲು ನಾವು ಓದಿದ್ದೆವೇ? ಇಲ್ಲ. ಲಂಡನ್ನಿನವರು ಹೇಳಿದ ಮೇಲೆ ಕೈಗೆತ್ತಿಕೊಂಡೆವು. ಕನ್ನಡದ ಸ್ವಾಮಿಗೆ ಇದು ಹೆಮ್ಮೆಯ ಮಾತಲ್ಲ.

‘ಎದೆಯ ಹಣತೆ’ ಎಂಬ ಕಥೆಯಲ್ಲಿ ಗಂಡನಿಂದ ತೊರೆಯಲ್ಪಟ್ಟ ಮೆಹರುನ್ ತವರಿಗೆ ಬರುತ್ತಾಳೆ. ಮನೆತನದ ಮಾನದ ಮಾತಾಡಿ ಅಣ್ಣತಮ್ಮಂದಿರು ಅವಳನ್ನು ಅದೇ ಮನೆಗೆ ಮರಳಿ ಬಿಟ್ಟು ಬರುತ್ತಾರೆ. ಆ ರಾತ್ರಿ ಆಕೆ ಸೀಮೆಎಣ್ಣೆಯ ಡಬ್ಬಿ ಹಿಡಿದು ಅಂಗಳಕ್ಕಿಳಿಯುತ್ತಾಳೆ. ತಡೆಯುವವಳು ಆಕೆಯ ಹಿರಿಯ ಮಗಳು. ಈ ಪುಟಗಳನ್ನು ಓದಿ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆವು. ಏಕೆಂದರೆ ಆ ಅಣ್ಣತಮ್ಮಂದಿರನ್ನು ನಾವು ಬಲ್ಲೆವು. ಅವರ ಧರ್ಮ ಬೇರೆ, ಮಾತು ಅದೇ. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳನ್ನು ಮುಂದೆ ಮಾಡಿಕೊಂಡು ಎಷ್ಟು ಕುಟುಂಬಗಳು ನ್ಯಾಯಕ್ಕೆಂದು ಮಠಕ್ಕೆ ಬಂದಿಲ್ಲ? “ಹೊಂದ್ಕೊಂಡು ಹೋಗವ್ವಾ, ಎಲ್ಲಾ ಸರಿ ಹೋಗತೈತಿ” ಎಂದು ಕಾಯಿ, ಕಲ್ಲುಸಕ್ಕರೆ ಕೊಟ್ಟು ಎಷ್ಟು ಜನರನ್ನು ನಾವು ಕಳುಹಿಸಿಲ್ಲ? ಆ ಹೆಣ್ಣುಮಕ್ಕಳು ತಲೆತಗ್ಗಿಸಿ ಹೋದರು. ಒಪ್ಪಿಗೆಯಾಗಿದೆ ಎಂದು ನಾವು ತಿಳಿದುಕೊಂಡೆವು. ಅಪ್ಪಾರ ಮುಂದೆ ನಿಂತು ಯಾರು ಕೇಳಬೇಕು?

ಈಗ ಅಂಥವರು ಬಂದರೆ ಗಂಡಸರನ್ನೆಲ್ಲ ಹೊರಗೆ ಕುಳ್ಳಿರಿಸಿ, ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರನ್ನು ಜೊತೆಗಿರಿಸಿಕೊಂಡು, ಆ ಮಗಳ ಮಾತನ್ನೇ ಮೊದಲು ಕೇಳುತ್ತೇವೆ. ಇಬ್ಬರು ಮರಳಿ ಹೋಗಲೊಲ್ಲೆವೆಂದರು. ‘ಸರಿ’ ಎಂದೆವು. ಅವರಲ್ಲೊಬ್ಬರ ಮನೆಯವರು ಮಠಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಸ್ವಾಮಿಗಳು ಕಾದಂಬರಿ ಓದಿ ಕೆಟ್ಟರೆಂದು ಅವರು ಹೇಳುತ್ತಾರಂತೆ. ಹಾಗೆ ನೋಡಿದರೆ ಅದು ಕಾದಂಬರಿಯಲ್ಲ, ಸಣ್ಣಕಥೆ!

ಓದು ಕಡಿಮೆಯಾಯಿತು, ಎಲ್ಲರ ಕೈಯಲ್ಲೂ ಮೊಬೈಲು ಬಂದಿತು ಎಂದು ಕೊರಗುವವರಿದ್ದಾರೆ. ನಮಗೂ ಆ ಕೊರಗು ಇಲ್ಲದಿಲ್ಲ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಶಬ್ದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಕ್ಷಣದಲ್ಲಿ ಕಣ್ಣ ಮುಂದೆ ನಿಲ್ಲುತ್ತವೆ. ಸಂಶೋಧಕರಿಗೆ ಇದು ದೊಡ್ಡ ಉಪಕಾರ. ಆದರೆ ಈಚೆಗೆ ಮಠಕ್ಕೆ ಬಂದ ಉಪನ್ಯಾಸಕರೊಬ್ಬರು ವೇದಿಕೆಯ ಮೇಲೆ ಕುಳಿತೇ ಮೊಬೈಲಿನಲ್ಲಿ ‘ನೀರು’ ಎಂದು ಹುಡುಕಿ, ಸಿಕ್ಕ ನಾಲ್ಕು ವಚನಗಳನ್ನು ಓದಿ ಚಪ್ಪಾಳೆ ಗಿಟ್ಟಿಸಿದರು. ಅವರು ನಾಲ್ಕನೆಯದನ್ನು ಅರ್ಧಕ್ಕೆ ನಿಲ್ಲಿಸಿದಾಗ ‘ಒಂದ್ ಬಿಟ್ರಲ್ರೀ’ ಎನ್ನಲು ಕಂಬದ ಬಳಿ ಯಾರೂ ಇರಲಿಲ್ಲ.

ಪ್ರಸಾದ ನಿಲಯದ ಪುಸ್ತಕದ ಕಪಾಟುಗಳಿಗೆ ಈಗ ಬೀಗವಿಲ್ಲ. ಮಕ್ಕಳು ತಾವೇ ತೆಗೆದುಕೊಂಡು ತಾವೇ ಬರೆದಿಟ್ಟು ಓದುತ್ತಾರೆ. ಪ್ರತಿ ವರ್ಷ ಕೆಲವು ಪುಸ್ತಕಗಳು ಮರಳುವುದಿಲ್ಲ. ಗುಮಾಸ್ತರು ಪಟ್ಟಿ ಹಿಡಿದು ಬಂದು ನಿಲ್ಲುತ್ತಾರೆ. ಹೊಸ ಪ್ರತಿ ತರಿಸಿರಿ ಎನ್ನುತ್ತೇವೆ. ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಬೇರೆ ಪುಸ್ತಕ ಕೂಡದೆಂಬ ನಿಯಮ ಹಾಗೆಯೇ ಇದೆ. ಅದನ್ನು ಸಡಿಲಿಸುವ ಧೈರ್ಯ ಇನ್ನೂ ಬಂದಿಲ್ಲ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನ ತರಗತಿಯವರನ್ನೆಲ್ಲ ವಿಚಾರಿಸಿದ್ದೇವೆ. ಪುಣೆಯಲ್ಲಿದ್ದಾನೆಂದು ಒಬ್ಬರು, ದುಬೈಗೆ ಹೋದನೆಂದು ಒಬ್ಬರು ಹೇಳುತ್ತಾರೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಆ ಪುಸ್ತಕವನ್ನು ಅವನು ಮುಂದೆ ಎಲ್ಲಿಯಾದರೂ ಕೊಂಡು ಓದಿ ಮುಗಿಸಿರಬಹುದು. ಇಲ್ಲವೇ ಕೈ ಉರಿದ ನೆನಪಿಗೆ ಪುಸ್ತಕಗಳ ಸಹವಾಸವನ್ನೇ ಬಿಟ್ಟಿರಲೂಬಹುದು. ಹಾರುವ ಓತಿ ಸಿಕ್ಕಿತೋ ಇಲ್ಲವೋ ಎಂಬುದು ಇಂದಿಗೂ ಅವನಿಗೆ ಗೊತ್ತಿಲ್ಲದಿದ್ದರೆ, ಆ ಹೊಣೆ ನಮ್ಮದು.

ತಮ್ಮಾ, ನಿನ್ನ ಪುಸ್ತಕ ನಮ್ಮ ಕೋಣೆಯ ಮೂರನೆಯ ಕಪಾಟಿನಲ್ಲಿ, ಮುಂದಿನ ಸಾಲಿನಲ್ಲಿಯೇ ಇದೆ. ನೀನು ಮಡಿಸಿದ ಪುಟದ ತುದಿಯನ್ನು ನಾವು ಬಿಚ್ಚಿಲ್ಲ. ನಾವು ಊರಲ್ಲಿ ಇಲ್ಲದಿದ್ದರೂ ಬಾಗಿಲ ಬಳಿಯಲ್ಲಿರುವ ಮರಿಗೆ ಹೇಳಿಟ್ಟಿದ್ದೇವೆ. ಯಾವಾಗ ಬಂದರೂ ಸರಿ, ಪ್ರಸಾದ ಮಾಡಿಕೊಂಡು ಹೋಗುವಂತೆ ಬಾ.